ಎಡಗಾಲಿಗೆ ಕೆಲಸವಿಲ್ಲದ ಗಾಡಿ

ನಮ್ಮ ಭಾವನಿಗೆ ಊರವರು ಇಟ್ಟ ಹೆಸರು ಕ್ಲಚ್ ಮೇಷ್ಟ್ರು. ಮೂವತ್ತೈದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಸ್ಕೂಲ್ ಎಂದರೆ ಮನೆಯ ಗೋಡೆಗೆ ಒಂದು ಬೋರ್ಡು, ಬಾಗಿಲ ಮುಂದೆ ಒಂದು ಕಾರು, ಇವರೊಬ್ಬರೇ ಮೇಷ್ಟ್ರು. ಕಲಿಯಲು ಬಂದವರಿಂದ ಮೊದಲ ವಾರ ಎಡಗಾಲಿನ ಚಪ್ಪಲಿ ಬಿಚ್ಚಿಸುತ್ತಿದ್ದರು. ಕ್ಲಚ್ ಮೇಲಿನ ಕಾಲನ್ನು ನಿಧಾನಕ್ಕೆ ಎತ್ತುವಾಗ ಒಂದು ಕಡೆ ಗಾಡಿ ಸಣ್ಣಗೆ ನಡುಗಿ ಹೊರಡಲು ತಯಾರಾಗುತ್ತದಲ್ಲ, ಆ ನಡುಕ ಅಂಗಾಲಿಗೆ ತಿಳಿಯಬೇಕು, ತಲೆಗಲ್ಲ ಎನ್ನುವುದು ಅವರ ವಾದ. ಬ್ಯಾಂಕಿನ ಮ್ಯಾನೇಜರಾಗಲಿ, ಇಟ್ಟಿಗೆ ಲಾರಿಯ ಕ್ಲೀನರಾಗಲಿ, ಒಂದೇ ನಿಯಮ. ಮೈದಾನದ ಅಂಚಿನಲ್ಲಿ ಒಂಟಿ ಚಪ್ಪಲಿ ಬಿದ್ದಿದ್ದರೆ ಕ್ಲಾಸು ನಡೆಯುತ್ತಿದೆ ಎಂದು ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ನನಗೂ ಕಲಿಸಿದ್ದರು. ನಾನು ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಡುಮ್ಕಿ ಹೊಡೆದೆ. "ಠಸ್ಸೆ, ಅದು ಕ್ಲಚ್ಚು, ಲಕೋಟೆ ಅಲ್ಲ. ಹಾಗೆ ಗುದ್ದಬೇಡ" ಎನ್ನುತ್ತಿದ್ದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಠಸ್ಸೆ ಒತ್ತುವವಳು ನಾನು. ನನ್ನ ಮಾತೂ ಹಾಗೇ ಇರುತ್ತದೆ ಎಂದು ಆ ಹೆಸರು. ಆಟೊಮ್ಯಾಟಿಕ್ ಕಾರು ಕಂಡರಂತೂ ಭಾವನಿಗೆ ಮೈ ಉರಿ. "ಎಡಗಾಲಿಗೆ ಕೆಲಸಾನೇ ಇಲ್ಲ ಅಂದ್ರೆ ಅದೇನು ಡ್ರೈವಿಂಗಾ, ಕುಂಟಬಿಲ್ಲೆನಾ?" ಎಂದು ಮೂಗು ಮುರಿಯುತ್ತಿದ್ದರು.

ಇಷ್ಟೆಲ್ಲ ಜನಕ್ಕೆ ಕಲಿಸಿದವರು ನಮ್ಮ ಅಕ್ಕನಿಗೆ ಮಾತ್ರ ಕಲಿಸಲಿಲ್ಲ.

ಅಕ್ಕ ಕೇಳದೆ ಇರಲಿಲ್ಲ. ಮದುವೆಯಾದ ಹೊಸದರಲ್ಲೇ ಕೇಳಿದ್ದಳು. ಅವಳು ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. "ದಿನಾ ಪೆಡಲ್ ತುಳಿಯೋಳು ನಾನು, ನನ್ನ ಕಾಲಿಗೆ ಬೇಗ ಬರುತ್ತೆ ರೀ" ಎಂದಿದ್ದಳು. ಭಾವ ನಕ್ಕು, "ಒಂದು ಮನೇಲಿ ಇಬ್ಬರು ಡ್ರೈವರ್ ಯಾಕೆ? ನಿಂಗೆ ಎಲ್ಲಿಗೆ ಹೋಗ್ಬೇಕೋ ಹೇಳು, ನಾನು ಕರ್ಕೊಂಡು ಹೋಗ್ತೀನಿ" ಎಂದರು. ಅದರಲ್ಲಿ ದರ್ಪವೇನೂ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದ ಮಾತು. ಅದಕ್ಕೇ ಅಕ್ಕ ಜಗಳ ಆಡಲಿಲ್ಲ. ನಾನಾಗಿದ್ದರೆ ಆಡುತ್ತಿದ್ದೆ.

ಅವರಿಗೆ ಒಬ್ಬಳೇ ಮಗಳು. ಗುಬ್ಬಿ ಎಂದು ಕರೆಯುತ್ತಿದ್ದೆವು. ನಾಲ್ಕು ವರ್ಷದವಳಿದ್ದಾಗ ಎರಡು ದಿನ ಜ್ವರ ಬಂತು, ಮೂರನೆಯ ದಿನ ಮಧ್ಯಾಹ್ನ ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದುಕೊಂಡಿತು ಮಗು. ಭಾವ ಅವತ್ತು ಲಾರಿ ಲೈಸೆನ್ಸಿನ ಪರೀಕ್ಷೆಗೆ ಇಬ್ಬರನ್ನು ಕರೆದುಕೊಂಡು ಅವರದೇ ಲಾರಿಯಲ್ಲಿ ಹೋಗಿದ್ದರು. ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋದ ಹೊತ್ತು. ಮನೆ ಮುಂದೆ ಕಾರು ನಿಂತಿತ್ತು. ಅಕ್ಕ ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾನು ಮುಂದೆ ಕೂತು ಕೀ ತಿರುಗಿಸಿದಳು. ಕಾರು ಮುಂದಕ್ಕೆ ಹಾರಿ ಸತ್ತಂತೆ ನಿಂತಿತು. ಭಾವ ಯಾವಾಗಲೂ ಗಾಡಿಯನ್ನು ಗೇರಿನಲ್ಲಿ ಬಿಟ್ಟೇ ಇಳಿಯುವವರು. ಅಂಥ ಗಾಡಿಯನ್ನು ಕ್ಲಚ್ ತುಳಿದು ಸ್ಟಾರ್ಟ್ ಮಾಡಬೇಕು ಎನ್ನುವುದು ಅವರ ಹತ್ತಿರ ಒಂದು ದಿನ ಕಲಿತವರಿಗೂ ಗೊತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ಮತ್ತೆ ತಿರುಗಿಸಿದಳು, ಮತ್ತೆ ಹಾರಿ ನಿಂತಿತು. ಮೂರನೆಯ ಸಲಕ್ಕೆ ಮಗು ಸೀಟಿನಿಂದ ಕೆಳಗೆ ಜಾರಿತು. ಅಕ್ಕ ಅದನ್ನು ಎತ್ತಿಕೊಂಡು ದೊಡ್ಡ ರಸ್ತೆಯವರೆಗೂ ಓಡಿದಳು. ಅಲ್ಲಿ ಹಾಲಿನ ವ್ಯಾನೊಂದು ನಿಲ್ಲುವ ಹೊತ್ತಿಗೆ ಎಷ್ಟು ಸಮಯ ಹೋಯಿತೋ ಅವಳಿಗೂ ತಿಳಿಯದು. ಆಸ್ಪತ್ರೆ ಕಾರಿನಲ್ಲಾದರೆ ಎಂಟು ನಿಮಿಷದ ದಾರಿ.

ಗುಬ್ಬಿ ಉಳಿಯಲಿಲ್ಲ. ಆಮೇಲೆ ಅವರಿಗೆ ಮಕ್ಕಳೂ ಆಗಲಿಲ್ಲ.

ಕಾರು ಹಾರಿದ ಸಂಗತಿಯನ್ನು ಅಕ್ಕ ನನಗೊಬ್ಬಳಿಗೇ ಹೇಳಿದಳು, ಅದೂ ವರ್ಷದ ಮೇಲೆ. ಭಾವನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಮಗು ಹೋದ ತಿಂಗಳಿಗೆ ಭಾವ ತಾವಾಗಿಯೇ, "ನಾಳೆಯಿಂದ ಬಾ, ಕಲಿಸ್ತೀನಿ" ಎಂದರಂತೆ. ಅಕ್ಕ ಬಟ್ಟೆಯಿಂದ ಕಣ್ಣೆತ್ತದೆ "ಈಗ ಯಾಕೆ?" ಎಂದಳಂತೆ. ಇಪ್ಪತ್ತೆಂಟು ವರ್ಷ ಆ ಮನೆಯಲ್ಲಿ ಆ ವಿಷಯಕ್ಕೆ ಬೀಗ ಬಿತ್ತು. ಬೆಳಗ್ಗೆ ಕಾಫಿ ಕೊಡುತ್ತಿದ್ದಳು, ಅವರ ಅಂಗಿಯ ಗುಂಡಿ ಹಾಕುತ್ತಿದ್ದಳು, ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಿದ್ದಳು. ಹೊರಗಿನವರಿಗೆ ಏನೂ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು, ಅದಕ್ಕೆ ಆ ಮನೆಗೆ ಹೋದಾಗಲೆಲ್ಲ ಬಾಯಿಗೆ ಬಂದದ್ದು ಮಾತಾಡಿ ಗದ್ದಲ ಮಾಡಿ ಬರುತ್ತಿದ್ದೆ.

ಹೋದ ವರ್ಷ ಭಾವ ರಸ್ತೆಯ ಬದಿಯಲ್ಲಿ ನಿಂತಿದ್ದ ತರಕಾರಿ ಗಾಡಿಗೆ ಕಾರು ತಾಗಿಸಿದರು. ಅದು ಅಲ್ಲಿತ್ತು ಎನ್ನುವುದೇ ಅವರಿಗೆ ಕಂಡಿರಲಿಲ್ಲ. ಕಣ್ಣಿನ ಡಾಕ್ಟರು ನೋಡಿ, ಕಣ್ಣೊಳಗಿನ ಒತ್ತಡದಿಂದ ನರ ಹಾಳಾಗಿದೆ, ಪಕ್ಕದ ನೋಟವೆಲ್ಲ ಹೋಗಿದೆ, ಕೊಳವೆಯಲ್ಲಿ ನೋಡಿದ ಹಾಗೆ ಎದುರಿನದಷ್ಟೇ ಕಾಣುತ್ತದೆ, ಅದೂ ಎಷ್ಟು ದಿನವೋ ಹೇಳಲಾಗದು ಎಂದರು. ಭಾವ ಬೋರ್ಡು ಇಳಿಸಿದರು. ಕಾರನ್ನು ಹಳೆಯ ಶಿಷ್ಯನೊಬ್ಬನಿಗೆ ಮಾರಿದರು. ಆಮೇಲೆ ಒಂದು ದಿನ ನಾನೂ ಎದುರಿಗೆ ಇದ್ದಾಗ ಅಕ್ಕನಿಗೆ ಹೇಳಿದರು:

"ನನ್ನ ಕಣ್ಣು ಪೂರ್ತಿ ಹೋಗೋದ್ರೊಳಗೆ ನೀನು ಗಾಡಿ ಓಡಿಸೋದನ್ನ ಒಂದು ಸಲ ನೋಡ್ಬೇಕು. ಅಷ್ಟೇ ನನ್ನ ಆಸೆ. ಇಲ್ಲ ಅನ್ಬೇಡ."

ಅಕ್ಕ "ಐವತ್ತನಾಲ್ಕು ವರ್ಷ ನಂಗೆ" ಎಂದಳು. ಇಲ್ಲ ಎನ್ನಲಿಲ್ಲ. ಮಾರನೆಯ ವಾರ ನಾನೇ ಜೊತೆಗೆ ಹೋಗಿ ಕಲಿಕಾ ಲೈಸೆನ್ಸ್ ಮಾಡಿಸಿಕೊಟ್ಟೆ.

"ಹಳೇದೊಂದು ಆಟೊಮ್ಯಾಟಿಕ್ ನೋಡೋಣ, ನಮ್ಮ ಕೈಗೆಟುಕೋ ಅಂಥದ್ದು" ಎಂದರು ಭಾವ.

"ಅಯ್ಯೋ, ಕ್ಲಚ್ ಮೇಷ್ಟ್ರು ಕುಂಟಬಿಲ್ಲೆ ಆಡೋಕೆ ಹೊರಟ್ರಾ?" ಎಂದು ನಾನು ಕಿಚಾಯಿಸಿದೆ. ಭಾವ ನಗಲಿಲ್ಲ. ಅಕ್ಕ ಒಳಗೆ ಹೋಗಿದ್ದಾಳೆಯೇ ಎಂದು ಕತ್ತು ಪೂರ್ತಿ ತಿರುಗಿಸಿ ನೋಡಿ, "ಅವಳ ಕಾಲಲ್ಲಿ ಗಾಡಿ ಹಾರಬಾರದು ಠಸ್ಸೆ" ಎಂದರು. ಕಾರು ಹಾರಿದ್ದು ಇವರಿಗೆ ಗೊತ್ತೇ? ಯಾರು ಹೇಳಿದರು? ನಾನಂತೂ ಹೇಳಿದವಳಲ್ಲ. ಕೇಳುವ ಧೈರ್ಯ ಬರಲಿಲ್ಲ. ಮಾತಿನಲ್ಲಿ ಎತ್ತಿದ ಕೈ ಎನಿಸಿಕೊಂಡ ನಾನು ಅವತ್ತು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಭಾನುವಾರ ಬೆಳಗ್ಗೆ ಮೂವರೂ ಹಳೆಯ ಕಾರು ಮಾರುವವನ ಅಂಗಳಕ್ಕೆ ಹೋದೆವು. ತಗಡಿನ ಚಪ್ಪರ, ಜಲ್ಲಿ ಹಾಸಿದ ನೆಲ, ಹಿಂದುಗಡೆ ಖಾಲಿ ಜಾಗ, ಅದರ ಕೊನೆಗೆ ಸವೆದ ಟೈರುಗಳ ರಾಶಿ. ಮಾರುವವನು ಮಾತಿನ ಮಲ್ಲ. ಆಟೊಮ್ಯಾಟಿಕ್ ಮೂರು ಇವೆ ಸಾರ್ ಎಂದು ಮೊದಲು ಕೆಂಪು ಕಾರಿನ ಹತ್ತಿರ ಕರೆದೊಯ್ದ. ಭಾವ ಬಾನೆಟ್ ಮೇಲೆ ಅಂಗೈ ಇಟ್ಟರು.

"ಬಿಸಿ ಇದೆ."

"ನಿಮಗೋಸ್ಕರ ಸ್ಟಾರ್ಟ್ ಮಾಡಿ ಇಟ್ಟಿದ್ದೆ ಸಾರ್."

"ತಣ್ಣಗಿದ್ದಾಗ ಏನು ರಗಳೆ ಮಾಡುತ್ತೆ ಅಂತ ನನಗೆ ಗೊತ್ತಾಗಬಾರದು ಅಂತ ಇಟ್ಟಿದ್ದೀರಿ. ಮುಂದಿನದು ತೋರಿಸಿ."

ಎರಡನೆಯದು ತಣ್ಣಗಿತ್ತು. ಭಾವ ಗೇರ್ ಆಯಿಲಿನ ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿದು, ನನಗೂ ಹಿಡಿದರು. ಸುಟ್ಟ ವಾಸನೆ. "ಈ ಗೇರ್ ಬಾಕ್ಸು ಬಹಳ ದಿನ ಬಾಳಲ್ಲ" ಎಂದರು. ಮಾರುವವನ ಮುಖ ಸಣ್ಣದಾಯಿತು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಣ್ಣು ಹೋದರೂ ಮನುಷ್ಯ ಇನ್ನೂ ಮೇಷ್ಟ್ರೇ.

ಮೂರನೆಯದು ಪುಟ್ಟ ಬೂದು ಕಾರು. ಹತ್ತು ವರ್ಷದ್ದು, ನಿವೃತ್ತ ಟೀಚರೊಬ್ಬರದಂತೆ. ಚಾವಣಿಯ ಬಣ್ಣ ಮಾಸಿದೆ, ಹಿಂದಿನ ಬಾಗಿಲಲ್ಲಿ ತಗ್ಗು ಬಿದ್ದಿದೆ ಎಂದು ನಾನು ನೋಡಿ ನೋಡಿ ವರದಿ ಕೊಟ್ಟೆ. "ಅದೆಲ್ಲ ಚರ್ಮ. ಹೊಟ್ಟೆ ನೋಡೋಣ" ಎಂದು ಭಾವ ಒಳಗೆ ಕೂತು ಸ್ಟಾರ್ಟ್ ಮಾಡಿದರು. ಬ್ರೇಕ್ ತುಳಿದು, ಲಿವರನ್ನು ಪಾರ್ಕಿಂಗಿನಿಂದ ರಿವರ್ಸಿಗೆ, ಅಲ್ಲಿಂದ ಡ್ರೈವ್‌ಗೆ, ಮತ್ತೆ ವಾಪಸ್ ಪಾರ್ಕಿಂಗಿಗೆ ತಂದರು. ಹತ್ತು ಸಲ ಹಾಗೆ ಮಾಡಿದರು. ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು ಕೇಳಿದರು. "ಜಗ್ಗಲ್ಲ, ಗುದ್ದಲ್ಲ. ಇದೇ ಇರಲಿ" ಎಂದು ಇಳಿದು ಬಂದು ಅಕ್ಕನ ಕೈಗೆ ಕೀ ಕೊಟ್ಟರು.

ಹಿಂದಿನ ಖಾಲಿ ಜಾಗದಲ್ಲಿ ಓಡಿಸಿ ನೋಡಿ ಎಂದು ಮಾರುವವನು ಬಿಟ್ಟುಕೊಟ್ಟ. ಅಕ್ಕ ಸ್ಟಿಯರಿಂಗ್ ಮುಂದೆ, ಭಾವ ಅವಳ ಎಡಕ್ಕೆ, ನಾನು ಹಿಂದೆ.

"ಎಡಗಾಲು ಮಡಚಿ ಹಿಂದಕ್ಕೆ ಇಟ್ಕೋ. ಅದಕ್ಕೇನೂ ಕೆಲಸ ಇಲ್ಲ. ಬಲಗಾಲು ಬ್ರೇಕ್ ಮೇಲೆ. ಹಾಂ. ಈಗ ಡ್ರೈವ್‌ಗೆ ಹಾಕು. ಈಗ ಬ್ರೇಕ್ ಮೇಲಿನ ಕಾಲು ಸ್ವಲ್ಪ ಸಡಿಲ ಬಿಡು, ಬಿಡು, ಹೆದರಬೇಡ."

ಕಾರು ತನ್ನಷ್ಟಕ್ಕೆ ಮುಂದಕ್ಕೆ ತೆವಳಿತು. ಒಂದು ಕುಲುಕಾಟವೂ ಇಲ್ಲ. ಅಕ್ಕ ಉಸಿರು ಬಿಗಿಹಿಡಿದು ಟೈರುಗಳ ರಾಶಿಯವರೆಗೆ ಹೋಗಿ, ತಿರುಗಿಸಿ, ವಾಪಸ್ ಬಂದಳು. ಇನ್ನೊಂದು ಸುತ್ತು ಹಾಕಿದಳು. ಮೂರನೆಯ ಸುತ್ತಿಗೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಳು. ಹೊಲಿಗೆಯಲ್ಲಿ ಪಳಗಿದ ಕಾಲು. ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತಿತ್ತು. ಭಾವ ಸೀಟಿನಲ್ಲಿ ಪೂರ್ತಿ ಅವಳ ಕಡೆ ತಿರುಗಿ ಕೂತು, ಉಳಿದಷ್ಟು ನೋಟವನ್ನೆಲ್ಲ ಅವಳ ಮೇಲೇ ಇಟ್ಟು ನೋಡುತ್ತಿದ್ದರು. ನಾನು ಹಿಂದಿನಿಂದ ಅವರ ಮುಖ ನೋಡಿದೆ. ಆ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಟೈರುಗಳಿಂದ ನಾಲ್ಕು ಮಾರು ಈಚೆಗೆ ಅಕ್ಕ ಬ್ರೇಕ್ ಒತ್ತಿ ನಿಲ್ಲಿಸಿದಳು.

"ಇಷ್ಟೇನಾ ರೀ?" ಎಂದು ಕೇಳಿದಳು.

"ಇಷ್ಟೇ ಕಣೇ. ಹತ್ತು ನಿಮಿಷದಲ್ಲಿ ಕಲ್ತುಬಿಟ್ಟೆ ನೋಡು. ಗೇರಿನ ಗಾಡಿನೇ ಆಗಿದ್ರೂ ನಿಂಗೆ ಒಂದು ವಾರ ಸಾಕಿತ್ತು, ಅಂಥ ಕಾಲು ನಿಂದು."

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವು ಎನ್ನುವುದು ಭಾವನಿಗೆ ತಿಳಿಯಿತು. ಅವರ ಮುಖ ಹಾಗೇ ಕಳೆಗುಂದುತ್ತ ಹೋಯಿತು.

"ಒಂದು ವಾರ" ಎಂದಳು ಅಕ್ಕ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದಳು. "ಅವತ್ತು ಮೂರು ಸಲ ಹಾರ್ತು ರೀ ಕಾರು. ಮಗು ಕೆಳಗೆ ಬಿತ್ತು."

"ಗೊತ್ತು."

"ಗೊತ್ತಾ?"

"ಸಾಯಂಕಾಲ ಬಂದು ನೋಡ್ದೆ. ಕಾರು ನಾನು ನಿಲ್ಲಿಸಿದ ಜಾಗದಲ್ಲಿ ಇರಲಿಲ್ಲ. ಎರಡು ಮಾರು ಮುಂದೆ ಇತ್ತು. ಹಿಂದಿನ ಸೀಟಲ್ಲಿ ಗುಬ್ಬಿ ಹೊದಿಕೆ ಇತ್ತು. ಗೇರಲ್ಲಿ ಬಿಟ್ಟು ಹೋಗಿದ್ದೋನು ನಾನು."

"ಅವತ್ತಿಂದ ಗೊತ್ತಿತ್ತಾ ನಿಮಗೆ? ಇಷ್ಟು ವರ್ಷ? ಒಂದು ಸಲನಾದ್ರೂ ಕೇಳ್ಬಾರದಿತ್ತಾ ನನ್ನ?"

"ಕೇಳಿದ್ರೆ ನೀನು ಹೇಳಿಬಿಡ್ತೀಯ ಅಂತ ಹೆದರಿಕೆ ಆಗಿತ್ತು."

ಅಕ್ಕ ಅತ್ತಳು. ಮಗುವನ್ನು ಮಣ್ಣಿಗೆ ಇಟ್ಟ ದಿನವೂ ಕಲ್ಲಿನಂತೆ ಕೂತಿದ್ದವಳು ಹಣೆಯನ್ನು ಸ್ಟಿಯರಿಂಗಿಗೆ ಒತ್ತಿ, ಬಾಯಿ ತೆರೆದು, ಸಣ್ಣ ಹುಡುಗಿಯ ಹಾಗೆ ಅತ್ತಳು. ಸಮಾಧಾನ ಮಾಡೋಣವೆಂದು ಕೈ ಚಾಚಿದರೆ ಯಾರ ಭುಜದ ಮೇಲೆ ಇಡಬೇಕೆಂದೇ ತಿಳಿಯಲಿಲ್ಲ. ಅಳುವಿನ ನಡುವೆ ಅವಳ ಕಾಲು ಬ್ರೇಕಿನ ಮೇಲೆ ಸಡಿಲವಾಯಿತು. ಕಾರು ಟೈರುಗಳ ಕಡೆಗೆ ಮೆಲ್ಲಗೆ ತೆವಳತೊಡಗಿತು. ಭಾವನಿಗೆ ಟೈರು ಕಂಡಿತೋ ಇಲ್ಲವೋ. ಚಕ್ರದಡಿ ಜಲ್ಲಿ ಸರಿಯುವುದು ಕೇಳಿಸಿರಬೇಕು.

"ಬ್ರೇಕ್ ಒತ್ತು" ಎಂದರು, ಕ್ಲಾಸಿನಲ್ಲಿ ಹೇಳುವಷ್ಟೇ ಮೆಲ್ಲಗೆ. ಅಕ್ಕ ಒತ್ತಿದಳು. ಕಾರು ನಿಂತಿತು. ಭಾವ ಬಲಗೈಯಲ್ಲಿ ತಡಕಾಡಿ ಲಿವರ್ ಹಿಡಿದು, ಅದನ್ನು ಪಾರ್ಕಿಂಗಿಗೆ ತಂದು, ಅದರ ಮೇಲಿಂದ ಕೈ ತೆಗೆಯದೆ ಹೇಳಿದರು:

"ಈಗ ಅಳು. ಗಾಡಿ ಎಲ್ಲಿಗೂ ಹೋಗಲ್ಲ."