ಅಜ್ಜಿಯ ಹಾಜರಿ

ಮೊನ್ನೆ ಕುರುಗೋಡು ಕಡೆಯ ನಮ್ಮೂರ ಶಾಲೆಯ ಶತಮಾನೋತ್ಸವದಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ನೋಡಲು ಇಟ್ಟಿದ್ದರು. ಆ ಕಾಗದದ ವಾಸನೆಗೆ ಹಳೆಯದೊಂದು ಹೆದರಿಕೆ ನೆನಪಾಯಿತು.

ಎರಡನೇ ಕ್ಲಾಸಿನಲ್ಲಿ ಜ್ವರ ಬಂದು ಮಲಗಿದ್ದೆ. ಶಾಲೆ ತಪ್ಪಿಸಿದರೆ ಮೇಷ್ಟ್ರು ಹೆಸರು ಹೊಡೆದುಹಾಕುತ್ತಾರೆ, ಆಮೇಲೆ ಅಜ್ಜಿಯ ಹಾಗೆ ಭತ್ತದ ನಾಟಿಯೇ ಗತಿ ಎಂದು ಅಳುತ್ತಿದ್ದೆ. ಅಜ್ಜಿ ಬಸಮ್ಮ ನಾಟಿ ಬಿಟ್ಟು, ನನ್ನ ಸ್ಲೇಟು ಹಿಡಿದು ಶಾಲೆಗೆ ಹೋಗಿ ನನ್ನ ಜಾಗದಲ್ಲಿ ಕೂತಳು.

“ಆಕಿ ಹೆಸರು ಹೊಡೀಬ್ಯಾಡ್ರಿ. ಆಕಿ ಬರೋತನ್ಕ ನಾನು ಕುಂದರ್ತೀನಿ” ಎಂದಳಂತೆ. ಕ್ಲಾಸೇ ನಕ್ಕಿತಂತೆ. ಮೇಷ್ಟ್ರು ಸಿಟ್ಟಾಗಿರುತ್ತಾರೆಂದು ನನಗೆ ಜ್ವರ ಇನ್ನೂ ಏರಿತು.

ಮೊನ್ನೆ ಆ ವರ್ಷದ ಪುಸ್ತಕ ತೆಗೆದು ಆ ಪುಟ ಹುಡುಕಿದೆ. ಜ್ವರದ ಮೂರೂ ದಿನ ನನಗೆ ಗೈರುಹಾಜರಿ. ಪಟ್ಟಿಯ ಕೊನೆಯಲ್ಲಿ ಮೇಷ್ಟ್ರು ಒಂದು ಹೆಸರು ಸೇರಿಸಿದ್ದರು: ಬಸಮ್ಮ. ಮೂರೂ ದಿನ ಹಾಜರು.