ಜಾಡಿಗಳ ಹಿಂದೆ ಕಂಟೇನರ್ ಯಾರ್ಡಿಗೆ

"ಬೇಗ ಮಾರಾಯ್ತಿ, ಸ್ಲೋ ಲೋಕಲ್ ಬಂತು!" ಎಂದು ಸುಲೋಚನಕ್ಕ ರೈಲು ಟಿಕೆಟಿನ ಕೂಪನ್ ಪುಸ್ತಕವನ್ನು ನನ್ನ ಕೈಯಿಂದ ಕಸಿದು, ಡೊಂಬಿವಲಿ ಸ್ಟೇಷನ್ನಿನ ಮೆಷಿನ್ನಿನಲ್ಲಿ ತಾವೇ ಪಂಚ್ ಮಾಡಿದರು. ಅಕ್ಟೋಬರಿನ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ನಾವು ಹೊರಟಿದ್ದು ಥಾಣೆಯ ಅಂಚಿನ ಕಂಟೇನರ್ ಯಾರ್ಡಿಗೆ. ಲೋಕಲ್ಲಿನ ಕಿಟಕಿಯಿಂದ ಎಷ್ಟೋ ವರ್ಷ ಅದನ್ನು ನೋಡಿದ್ದೆ; ಒಳಗೆ ಕಾಲಿಡುವ ಪ್ರಸಂಗ ಬಂದೀತೆಂದು ಎಣಿಸಿರಲಿಲ್ಲ.

ನಮ್ಮ ಕಾಲೊನಿಯ ಎಂಟು ಹೆಂಗಸರು ಸೇರಿ ಮಿಡಿ ಉಪ್ಪಿನಕಾಯಿ ಹಾಕುತ್ತೇವೆ. ದುಬೈಯ ಅಂಗಡಿಯವರೊಬ್ಬರು ಪಿಂಗಾಣಿ ಜಾಡಿಗಳಲ್ಲೇ ಬೇಕೆಂದು ಮೊದಲ ಸಲ ತರಿಸಿಕೊಳ್ಳುತ್ತಿದ್ದರು. ಜಾಡಿ ಕಟ್ಟುವ ಹೊಣೆ ಸುಲೋಚನಕ್ಕನದು. ಅವರ ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಹಡಗಿಗೆ ಹೋಗುವ ಹಂಚು ಕಟ್ಟುತ್ತಿದ್ದವರು. ನಡುನಡುವೆ ಹುಲ್ಲು ಇಟ್ಟರೆ ಒಂದೂ ಒಡೆಯುತ್ತಿರಲಿಲ್ಲವಂತೆ. ಅಕ್ಕನೂ ಕಲ್ಯಾಣದ ಎಮ್ಮೆಗಳ ತಬೇಲಾದಿಂದ ಒಣಹುಲ್ಲು ತರಿಸಿ, ಒಂದೊಂದು ಜಾಡಿಗೂ ಸಿಂಬಿಯ ಹಾಗೆ ಸುತ್ತಿ, ನಲವತ್ತು ರಟ್ಟಿನ ಪೆಟ್ಟಿಗೆ ತುಂಬಿಸಿದ್ದರು.

ಅಂದು ಬೆಳಿಗ್ಗೆ ಮಾಲು ಸಾಗಿಸುವ ಏಜೆಂಟ್ ಪ್ರಶಾಂತನ ಫೋನ್ ಬಂತು. ಕಸ್ಟಮ್ಸಿನವರು ಒಂದು ಪೆಟ್ಟಿಗೆ ಬಿಚ್ಚಿ ಹುಲ್ಲು ಕಂಡಿದ್ದರು. ಹುಲ್ಲಿನಲ್ಲಿ ಹುಳು ಬರುತ್ತದೆಂದು ಆಚೆಯ ಬಂದರಿನಲ್ಲಿ ಇಳಿಸಿಕೊಳ್ಳುವುದಿಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಅದನ್ನೆಲ್ಲ ತೆಗೆದು ಮತ್ತೆ ಕಟ್ಟದಿದ್ದರೆ ನಮ್ಮ ಮಾಲು ಬಿಟ್ಟು ಕಂಟೇನರಿನ ಬಾಗಿಲು ಮುಚ್ಚುತ್ತದೆ. ಹೇಳಿದ ಹಡಗಿಗೆ ಬಾರದಿದ್ದರೆ ಮುಂದೆ ಕೇಳುವುದಿಲ್ಲವೆಂದು ದುಬೈಯವರು ಮೊದಲೇ ಖಡಕ್ಕಾಗಿ ಹೇಳಿದ್ದರು.

ರೈಲಿನಲ್ಲಿ ಸೀಟು ಸಿಕ್ಕರೂ ಅಕ್ಕ ಕೂರಲಿಲ್ಲ. "ಎಂಟು ಜನರ ಕೆಲಸ, ನನ್ನಿಂದ ಹೋಯಿತಲ್ಲ ಶಾಂತಾ. ಇನ್ನು ಯಾವ ಮುಖ ಹೊತ್ತು ಅವರ ಎದುರು ಹೋಗ್ಲಿ?"

"ಇನ್ನೂ ಮಾಲಿನ ಗಾಡಿನ ಬಿಟ್ಟಿಲ್ರೀ ಅಕ್ಕಾ. ಈಗ್ಲೇ ಅಳಬ್ಯಾಡ್ರಿ," ಎಂದೆ. ಆದರೆ ಮುಂಬ್ರಾ ದಾಟುವಷ್ಟರಲ್ಲಿ ನಾನೂ ಎದ್ದು ಬಾಗಿಲಿಗೆ ಬಂದಿದ್ದೆ.

ಯಾರ್ಡಿನ ಗೇಟಿನಲ್ಲಿ ಪ್ರಶಾಂತ ಎರಡು ಹಳದಿ ಹೆಲ್ಮೆಟ್ ಹಿಡಿದು ನಿಂತಿದ್ದ. ಪುತ್ತೂರಿನವರ ಮಗ, ಹುಟ್ಟಿ ಬೆಳೆದದ್ದೆಲ್ಲ ಥಾಣೆಯಲ್ಲಿ. "ಆಂಟಿ, ಪೆಹಲೆ ಹೆಲ್ಮೆಟ್ ಪೆಹನೊ."

ಅಕ್ಕನ ತುರುಬಿನ ಮೇಲೆ ಹೆಲ್ಮೆಟ್ ಕೂರಲೊಲ್ಲದು. "ನಿನ್ನ ಅಮ್ಮನ ಹತ್ರ ಒಂದಕ್ಷರ ಕನ್ನಡ ಕಲಿಲಿಲ್ವಾ ನೀನು?"

"ಸಮಝ್ತಾ ಹೂಂ ನಾ ಆಂಟಿ. ಬೈಯೋದು ತೋ ಪೂರಾ ಸಮಝ್ತಾ ಹೂಂ."

ಒಳಗೆ ಬಣ್ಣಬಣ್ಣದ ಕಬ್ಬಿಣದ ಕಂಟೇನರುಗಳನ್ನು ಮೂರು ಮಹಡಿ ಎತ್ತರಕ್ಕೆ ಪೇರಿಸಿದ್ದರು. ಮನೆಯಷ್ಟು ದೊಡ್ಡ ಕ್ರೇನೊಂದು ಟ್ರೇಲರ್ ಮೇಲಿಂದ ಒಂದನ್ನೆತ್ತಿ, ಹಳಿಯ ಮೇಲೆ ಕಾದಿದ್ದ ಚಪ್ಪಟೆ ವ್ಯಾಗನ್ನಿನ ಮೇಲೆ ಕೂರಿಸಿತು. ಇದೇ ಕಂಟೇನರ್ ನಾಳೆ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತುತ್ತದೆ. ನಡುವೆ ಯಾರೂ ಬಾಗಿಲು ತೆಗೆಯುವುದಿಲ್ಲ ಎಂದ ಪ್ರಶಾಂತ. ಅಪ್ಪನ ಕಾಲದಲ್ಲಿ ಒಂದೊಂದು ಕಟ್ಟನ್ನೂ ಆಳುಗಳು ಹೊತ್ತು ಇಳಿಸುತ್ತಿದ್ದರು, ಒಡೆದದ್ದು ಅಲ್ಲೇ ತಿಳಿಯುತ್ತಿತ್ತು ಎಂದರು ಅಕ್ಕ. ನಮ್ಮ ಕಂಟೇನರಿನಲ್ಲಿ ಭಿವಂಡಿಯ ಬಟ್ಟೆಯ ಬೇಲುಗಳೂ ಇದ್ದವು. ಒಂದು ಜಾಡಿ ಬಿರುಕುಬಿಟ್ಟರೆ ಎಣ್ಣೆ ದುಬೈವರೆಗೆ ಅವರ ಬಟ್ಟೆಗೆ ಇಳಿಯುತ್ತ ಹೋಗುತ್ತದೆ. ಹುಲ್ಲು ಕಿತ್ತು ಬರಿದೇ ಇಡುವಂತೆಯೂ ಇರಲಿಲ್ಲ.

ಅಕ್ಕ ಶೆಡ್ಡಿನಲ್ಲಿ ಸೆರಗು ಬಿಗಿದು ಪೆಟ್ಟಿಗೆ ಬಿಚ್ಚತೊಡಗಿದರು. ರಬಾಳೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವವರು ಪ್ರಶಾಂತನಿಗೆ ಗೊತ್ತಿದ್ದರು. ಹುಲ್ಲಿನ ಬದಲಿಗೆ ಅವರಲ್ಲಿ ಕತ್ತರಿಸಿ ಉಳಿದ ಏಣೇಣು ರಟ್ಟಿನ ಪಟ್ಟಿಗಳು ಸಿಗುತ್ತವೆಂದು ನಾನೂ ಅವನೂ ಟೆಂಪೊ ಹತ್ತಿದೆವು. ಐರೋಲಿ ಸೇತುವೆಯ ಮೇಲೆ ಗಾಡಿಗಳ ಸಾಲು ಅಲುಗಾಡದೆ ನಿಂತಿತ್ತು. ಕೆಳಗೆ ಖಾಡಿಯಲ್ಲಿ ಸಮುದ್ರದ ನೀರು ಇಳಿದು ಕೆಸರು ಮಿನುಗುತ್ತಿತ್ತು. ಪ್ರಶಾಂತ ಕೊಡಿಸಿದ ವಡಾಪಾವ್ ಕೈಯಲ್ಲೇ ಆರಿತು. ಪಟ್ಟಿಗಳನ್ನು ತುಂಬಿಕೊಂಡು ಮರಳುವಾಗ ಎರಡು ಗಂಟೆ ದಾಟಿತ್ತು.

ಅಕ್ಕ ಪಟ್ಟಿಯನ್ನು ಬಗ್ಗಿಸಿ ನೋಡಿದರು, ಅದು ಸುರುಳಿಯಾಯಿತು. ಹುಲ್ಲಿನ ಸಿಂಬಿ ಸುತ್ತಿದ ಹಾಗೆಯೇ ಒಂದು ಪೆಟ್ಟಿಗೆ ಕಟ್ಟಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಒಳಗೆ ಟಣ್ ಎಂದಿತು. ಮುಖ ಸಣ್ಣದು ಮಾಡಿಕೊಂಡು ಎಲ್ಲವನ್ನೂ ಬಿಚ್ಚಿದರು. ನನಗೋ ಗಡಿಯಾರದ ಮೇಲೇ ಕಣ್ಣು. ಎರಡನೆಯ ಸಲ ಜೋಡಿ ಸುತ್ತು ಹಾಕಿ, ಅಡಿಗೂ ಒಂದು ಸುರುಳಿ ಇಟ್ಟರು. ಅಲ್ಲಾಡಿಸಿದರೆ ಸದ್ದಿಲ್ಲ.

"ಆಯ್ತು. ಹೀಗೇ ಸುತ್ತು. ಬಾಯಿ ಬೇಡ, ಕೈ ಮಾತ್ರ," ಎಂದರು.

ನಾನು ಸುತ್ತಿದೆ, ಅವರು ತುಂಬಿದರು, ಪ್ರಶಾಂತ ಟೇಪ್ ಹಚ್ಚಿದ. ಸೊಂಟ ಹಿಡಿದುಕೊಂಡಿತು. ಕೊನೆಯ ಪೆಟ್ಟಿಗೆಗಳಿಗೆ ಟೇಪ್ ಬೀಳುತ್ತಿದ್ದಾಗಲೇ ಕಸ್ಟಮ್ಸಿನ ಸಾಹೇಬರು ಬಂದರು. ಒಂದನ್ನು ಬಿಚ್ಚಿಸಿ, ಜಾಡಿಗಳ ಸಂದಿಗೆ ಬೆರಳು ಹಾಕಿ ಹುಡುಕಿ, "ಠೀಕ್ ಆಹೆ," ಎಂದರು. ನಮ್ಮ ಪೆಟ್ಟಿಗೆಗಳು ಬೇಲುಗಳ ಮುಂದೆ ಸೇರಿದವು. ಬಾಗಿಲು ಮುಚ್ಚಿತು, ಸೀಲ್ ಬಿತ್ತು.

"ಆಂಟಿ, ಘಾಸ್ ಲೇ ಜಾವೊ. ಬೆಂಕಿ ಲಗೇಗಾ," ಎಂದ ಪ್ರಶಾಂತ. ಹುಲ್ಲು ತುಂಬಿದ ಎರಡು ದೊಡ್ಡ ಗೋಣಿಚೀಲಗಳೊಂದಿಗೆ ಥಾಣೆಯಲ್ಲಿ ಲೇಡೀಸ್ ಡಬ್ಬಕ್ಕೆ ನುಗ್ಗಿದೆವು.

"ಗಾಯ್ ಕಹಾಂ ಹೈ, ಮೌಶಿ? ಪೀಛೆ ಆ ರಹಿ ಹೈ ಕ್ಯಾ?" ಎಂದು ಒಬ್ಬಳು ಹಸುವನ್ನು ಹುಡುಕುವವಳಂತೆ ನಮ್ಮ ಹಿಂದೆ ಇಣುಕಿ ಕೇಳಿದಳು. ಡಬ್ಬವೆಲ್ಲ ನಕ್ಕಿತು.

"ಪೀಛೆ ಕ್ಯೂಂ? ಇಲ್ಲೇ ನಿಂತಿದೆಯಲ್ಲ," ಎಂದು ಅಕ್ಕ ನನ್ನತ್ತ ಕೈ ತೋರಿಸಿದರು. ಬೆಳಗಿನಿಂದ ಅವರು ಆಡಿದ ಮೊದಲ ತಮಾಷೆ ಅದು.

ದಿವಾದಲ್ಲಿ ನಮ್ಮ ಲೋಕಲ್ ನಿಂತಾಗ, ಪನವೇಲ್ ಕಡೆ ತಿರುಗುವ ಹಳಿಯಲ್ಲಿ ಕಂಟೇನರ್ ಗಾಡಿಯೊಂದು ಸಿಗ್ನಲಿಗೆ ಕಾದಿತ್ತು. ನಮ್ಮದೋ, ಬೇರೆಯದೋ, ತಿಳಿಯುವ ದಾರಿಯಿರಲಿಲ್ಲ. ಅದು ಹೊರಟಿತು, ಎಂಜಿನ್ನಿನ ಎಳೆತ ಒಂದೊಂದೇ ವ್ಯಾಗನ್ನಿಗೆ ಧಡ್ ಧಡ್ ಎಂದು ದಾಟುತ್ತ ಹಿಂದಕ್ಕೆ ಬಂತು. ಸುಲೋಚನಕ್ಕ ಕಿಟಕಿಯ ಸರಳಿಗೆ ಕಿವಿ ಒತ್ತಿದರು.

"ಕೇಳಿತಾ?"

"ಏನ್ರೀ?"

"ಜಾಡಿ."

"ಏನೂ ಕೇಳ್ಲಿಲ್ರೀ."

"ನನಗೂ ಇಲ್ಲ," ಎಂದವರು ಹುಲ್ಲಿನ ಚೀಲಕ್ಕೆ ತಲೆ ಆನಿಸಿದರು. ಡೊಂಬಿವಲಿಗೆ ಮುಂಚಿನ ಕೋಪರ್ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.