ಖಡಕಲಾಟ ದಾಟುವವರೆಗೆ ತಂಬಾಕಿಲ್ಲ

ನನ್ನ ಅಂಗಿಗಳೆಲ್ಲ ಒಂದೇ ಜಾಗದಲ್ಲಿ ಹಳತಾಗುತ್ತಿದ್ದವು. ಕಾಲರು ಗಟ್ಟಿಯಾಗಿಯೇ ಇರುತ್ತಿತ್ತು, ತೋಳುಗಳು ಹೊಸದರಂತೆಯೇ ಇರುತ್ತಿದ್ದವು. ಎಡಗಡೆಯ ಕಿಸೆ ಮಾತ್ರ ಕಂದು ಕಲೆ ಹಿಡಿದು, ಸುಣ್ಣಕ್ಕೆ ಮೂಲೆ ಸುಟ್ಟು, ಅಂಗಿಗಿಂತ ಹತ್ತು ವರ್ಷ ಹಿರಿಯದಾಗಿ ಕಾಣುತ್ತಿತ್ತು. ತಂಬಾಕಿನ ಪೊಟ್ಟಣ, ಅಡಿಕೆ ಚೂರು ಮತ್ತು ಸುಣ್ಣದ ಡಬ್ಬಿ ಅಲ್ಲಿ ಒಂದೇ ಕುಟುಂಬದವರಂತೆ ಅನ್ಯೋನ್ಯವಾಗಿ ಬಾಳುತ್ತಿದ್ದವು. ನೀವು ನಿಪ್ಪಾಣಿಯನ್ನು ಬಲ್ಲವರಾದರೆ ನನ್ನ ಮೇಲೆ ಅಷ್ಟು ಬೇಗ ಸಿಟ್ಟಾಗಲಾರಿರಿ. ಮಾಲು ಬರುವ ದಿನಗಳಲ್ಲಿ ನಮ್ಮೂರ ಗಾಳಿಗೇ ತಂಬಾಕಿನ ಘಾಟು ಹತ್ತಿರುತ್ತದೆ; ತಂಬಾಕು ತುಂಬಿಟ್ಟ ವಖಾರಿಗಳ ಮುಂದೆ ಹಾದುಹೋಗುವಾಗ ಪರಸ್ಥಳದವರು ಸೀನುತ್ತಾರೆ, ನಾವು ಮಾತ್ರ ಊರು ಬಂತೆಂದು ನಿರಾಳವಾಗಿ ಉಸಿರೆಳೆದುಕೊಳ್ಳುತ್ತೇವೆ. ಇಂಥ ಊರಿನಲ್ಲಿದ್ದು ತಂಬಾಕು ಬಿಡುವುದು, ಕಡಲ ದಂಡೆಯಲ್ಲಿ ಮನೆ ಮಾಡಿ ತೇವವಾಗಬಾರದೆಂದು ಹಟ ಹಿಡಿದಂತೆ.

ಮೊಬೈಲು ಕೈಗೆ ಬಂದಿದ್ದರೂ ಮಿಸ್ಡ್ ಕಾಲಿನಲ್ಲೇ ಸಂಸಾರ ನಡೆಯುತ್ತಿದ್ದ ಕಾಲವದು. ಚಿಕ್ಕೋಡಿಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ದಿನವೂ ನಿಪ್ಪಾಣಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ದವಡೆಯ ಹಲ್ಲೊಂದು ನೋಯುತ್ತದೆಂದು ಊಟದ ಬಿಡುವಿನಲ್ಲಿ ಹಲ್ಲಿನ ಡಾಕ್ಟರರ ಬಳಿ ಹೋದೆ. ಸಣ್ಣ ವಯಸ್ಸಿನ ಹೆಣ್ಣುಮಗಳು, ಆದರೆ ಗಂಭೀರೆ. ಹಲ್ಲು ನೋಡುವ ಮೊದಲು ನನ್ನ ಮೂರು ಬೆರಳುಗಳನ್ನು ಜೋಡಿಸಿ ನಿಲ್ಲಿಸಿ ನನ್ನದೇ ಬಾಯಿಯೊಳಗೆ ಇಡಲು ಹೇಳಿದರು. ಎರಡು ಹೋದವು. ಮೂರನೆಯದು ಹೊರಗೇ ಉಳಿಯಿತು. ಕೆನ್ನೆಯ ಒಳಭಾಗ ಬೆಳ್ಳಗಾಗಿ ಬಿಗಿದಿದೆ, ಹೀಗೇ ಮುಂದುವರಿದರೆ ಒಂದು ಬೆರಳಿಗೂ ದಾರಿ ಇರುವುದಿಲ್ಲ, ಅದಕ್ಕಿಂತ ಕೆಟ್ಟದ್ದೂ ಆಗಬಹುದು ಎಂದು ಮೆಲ್ಲಗೆ ವಿವರಿಸಿ, ದಿನವೂ ಬಾಯಿ ಅಗಲಿಸುವ ವ್ಯಾಯಾಮವನ್ನು ಕಲಿಸಿ, ಕೊನೆಗೆ ಹೇಳಿದರು: “ಇನ್ನೂ ಕೈ ಮೀರಿಲ್ರಿ. ಆದರ ಇಲ್ಲಿಂದ ಮುಂದಿನ ಕೆಲಸ ನಿಮ್ಮದು, ನಂದಲ್ಲ.”

ಅಂದು ಸಂಜೆಯೇ ಡಬ್ಬಿ, ಪೊಟ್ಟಣ ಎಲ್ಲವನ್ನೂ ಬಸ್ಸಿನ ಕಿಟಕಿಯಿಂದ ಕಬ್ಬಿನ ಗದ್ದೆಗೆ ಎಸೆದು, ಜನ್ಮದಲ್ಲಿ ಇನ್ನು ಮುಟ್ಟುವುದಿಲ್ಲವೆಂದು ಶಪಥ ಮಾಡಿದೆ. ಎದೆ ಎಷ್ಟು ಉಬ್ಬಿತ್ತೆಂದರೆ, ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂತರು. ಮರುದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಕಿಸೆಯಲ್ಲಿ ಹೊಸ ಡಬ್ಬಿಯಿತ್ತು. ಹೀಗೆ ಮೂರು ಶಪಥ, ಮೂರು ಡಬ್ಬಿ ಆದ ಮೇಲೆ ನನಗೆ ತಂಬಾಕಿಗಿಂತ ನನ್ನ ಶಪಥಗಳ ಮೇಲೆಯೇ ಹೇಸಿಗೆ ಹುಟ್ಟಿತು.

ನಮ್ಮ ಕಚೇರಿಯ ಕಸಗುಡಿಸಿ ನೀರು ತುಂಬಿಡುತ್ತಿದ್ದ ಅಕ್ಕಾತಾಯಿ ದಾರಿಯ ನಡುವಿನ ಖಡಕಲಾಟದಲ್ಲಿ ಅದೇ ಬಸ್ಸು ಹತ್ತುತ್ತಿದ್ದಳು. ಕಬ್ಬು ಕಡಿಯುವ ಕೆಲಸ ಬಿಟ್ಟು ಕಚೇರಿಗೆ ಬಂದವಳು. ಐವತ್ತು ದಾಟಿದ್ದರೂ ಬಿರುಸು ನಡಿಗೆಯವಳು. ನನ್ನ ಮೂರನೆಯ ಶಪಥದ ಮರಣವಾರ್ತೆಯನ್ನು ಅವಳಿಗೆ ಹೇಳಿದಾಗ, ಅವಳು ತನ್ನ ಕಥೆ ಹೇಳಿದಳು. ಮೂವತ್ತು ವರ್ಷ ಅವಳು ಮಿಶ್ರಿ ತಿಕ್ಕಿದವಳಂತೆ. ತಂಬಾಕನ್ನು ಹುರಿದು ಕರ್ರಗೆ ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಈ ಚಟ ನಮ್ಮ ಗಡಿಯ ಹೆಂಗಸರಲ್ಲಿ ಅನೇಕರಿಗಿದೆ. ಒಂದು ಮುಂಜಾನೆ ನೋಡಿದರೆ ನಾಲ್ಕು ವರ್ಷದ ಮೊಮ್ಮಗಳು ಅವಳ ಡಬ್ಬಿ ತೆಗೆದು, ಥೇಟ್ ಅಜ್ಜಿಯ ಹಾಗೆಯೇ ಕುಕ್ಕರಗಾಲಲ್ಲಿ ಕೂತು, ಹಾಲುಹಲ್ಲಿಗೆ ಬೆರಳು ಹಾಕಿ ತಿಕ್ಕುತ್ತಿದ್ದಳು. ಆ ದಿನದಿಂದ ಅಕ್ಕಾತಾಯಿ ಬಿಡಲು ಶುರುಮಾಡಿದಳು. ಬಿಟ್ಟೆ ಎನ್ನಲಿಲ್ಲ, ಬಿಡಲು ಶುರುಮಾಡಿದೆ ಎಂದೇ ಅವಳು ಹೇಳಿದ್ದು. ನನ್ನ ಕಿವಿ ನೆಟ್ಟಗಾದದ್ದು ಆ ಒಂದು ಮಾತಿಗೆ.

“ಜನ್ಮಕ್ಕ ಬಿಡ್ತೀನಿ ಅನಬ್ಯಾಡ್ರಿ ಸಾಹೇಬ್ರ, ಜನ್ಮ ಭಾಳ ಉದ್ದ ಐತಿ. ಮುಂಜಾನಿದು ಮೊದಲನೇದು ಐತಲ್ಲ, ಅದನ್ನ ಮಾತ್ರ ಖಡಕಲಾಟ ದಾಟೂತನಾ ತಡೀರಿ. ಆಮ್ಯಾಲ ಬೇಕಾದ್ರ ಹಾಕೋರಿ.”

ಇಷ್ಟು ಸಣ್ಣ ಉಪದೇಶವನ್ನು ಪಾಲಿಸದಿರಲು ನನಗೆ ನಾಚಿಕೆಯಾಯಿತು. ತಂಬಾಕಿನ ಬದಲು ಜಗಿಯಲು ಕಿಸೆಯಲ್ಲಿ ಒಂದಿಷ್ಟು ಬಡೇಸೋಪು ಇಟ್ಟುಕೊಂಡೆ. ಮೊದಲ ವಾರ ಖಡಕಲಾಟದ ನಿಲ್ದಾಣ ಕಾಣುತ್ತಲೇ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು. ಅಕ್ಕಾತಾಯಿ ಬಸ್ಸು ಹತ್ತಿ ಕಣ್ಣಲ್ಲೇ ಹಾಜರಿ ಹಾಕುತ್ತಿದ್ದಳು. ಆಮೇಲೆ ಗಡಿಯನ್ನು ಚಿಕ್ಕೋಡಿಯ ಬಸ್ಸುನಿಲ್ದಾಣಕ್ಕೆ ಸರಿಸಿದೆವು, ಅಲ್ಲಿಂದ ಕಚೇರಿಯ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹನ್ನೊಂದರ ಚಹಾಕ್ಕೆ. ಗೆಳೆಯರೇ, ಬಯಕೆಯನ್ನು ಎದುರು ನಿಂತು ಬೇಡವೆಂದರೆ ಅದು ರೊಚ್ಚಿಗೇಳುತ್ತದೆ. ಸ್ವಲ್ಪ ಕೂತಿರು, ಬಂದೆ ಎಂದರೆ ಬಾಗಿಲಲ್ಲಿ ಕಾದೂ ಕಾದೂ ಎಷ್ಟೋ ಸಲ ತಾನೇ ಎದ್ದು ಹೋಗಿರುತ್ತದೆ.

ಇನ್ನು ಬಾಯಿಯ ವ್ಯಾಯಾಮ. ಮನೆಯಲ್ಲಿ ಕನ್ನಡಿಯ ಮುಂದೆ ಸಂಕೋಚವಾಗುತ್ತಿದ್ದುದರಿಂದ ಬಸ್ಸಿನ ಕಿಟಕಿಯ ಪಕ್ಕ ಕೂತು, ಟವೆಲ್ಲನ್ನು ಮರೆಮಾಡಿಕೊಂಡು ಬಾಯಿ ಅಗಲಿಸುತ್ತಿದ್ದೆ. ಟವೆಲ್ಲು ಸಾಕಾಗುತ್ತಿರಲಿಲ್ಲ. ನಾನು ಆಕಳಿಸುತ್ತಿದ್ದೇನೆಂದು ತಿಳಿದು ಎದುರಿನ ಸೀಟಿನವರು ಆಕಳಿಸುತ್ತಿದ್ದರು, ಅವರನ್ನು ನೋಡಿ ಹಿಂದಿನವರು, ಹೀಗೆ ಆಕಳಿಕೆ ಸೀಟಿನಿಂದ ಸೀಟಿಗೆ ದಾಟಿ ಕಂಡಕ್ಟರನವರೆಗೆ ಹೋಗುತ್ತಿತ್ತು. ಒಂದು ದಿನ ಆತ ಟಿಕೇಟು ಹರಿಯುವುದನ್ನು ನಿಲ್ಲಿಸಿ, ನಾನು ಬಸ್ಸಿನಲ್ಲಿದ್ದ ದಿನ ಇಡೀ ಗಾಡಿಗೆ ನಿದ್ದೆ ಹತ್ತುತ್ತದೆ, ಡ್ರೈವರನಿಗೆ ಕಾಣದಂತೆ ಕೂಡಬೇಕು ಎಂದು ಕೈಮುಗಿದು ಕೇಳಿಕೊಂಡ. ಅಂದಿನಿಂದ ಕೊನೆಯ ಸೀಟೇ ನನ್ನ ವ್ಯಾಯಾಮಶಾಲೆಯಾಯಿತು.

ಎಲ್ಲವೂ ಹೀಗೇ ನಗುನಗುತ್ತ ಸಾಗಿತೆಂದರೆ ಸುಳ್ಳಾಗುತ್ತದೆ. ನಾಲ್ಕನೆಯ ತಿಂಗಳಲ್ಲಿ, ಬರೀ ಬಡೇಸೋಪಿನ ಮೇಲೆ ಇಪ್ಪತ್ತು ದಿನ ಕಳೆದಿದ್ದೆ. ಆಗ ರಾಯಬಾಗದ ಒಂದು ಮದುವೆಯಲ್ಲಿ ಹಳೆಯ ಗೆಳೆಯರ ನಡುವೆ ಕೂತು, ಯಾರೋ ತಿಕ್ಕಿ ಚಾಚಿದ ಅಂಗೈಯಿಂದ ಒಂದು ಚಿಟಿಕೆ ಎತ್ತಿಕೊಂಡೆ. ಆಮೇಲೆ ಎರಡು, ಆಮೇಲೆ ಎಣಿಸಲಿಲ್ಲ. ಇಪ್ಪತ್ತು ದಿನ ಮಣ್ಣುಪಾಲಾಯಿತೆಂದು ಮರುದಿನ ಬಸ್ಸಿನಲ್ಲಿ ಮುಖ ತಗ್ಗಿಸಿ ಕೂತಿದ್ದೆ. ಅಕ್ಕಾತಾಯಿ ಹತ್ತಿದವಳೇ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಪಕ್ಕದಲ್ಲಿ ಕೂತು, ಬಸ್ಸು ಊರು ದಾಟಿದ ಮೇಲೆ ಅಂದಳು: “ನಿನ್ನಿದು ನಿನ್ನೆ ಮುಗೀತ್ರಿ. ಇವತ್ತ ಖಡಕಲಾಟ ದಾಟಿತಲ್ಲ, ಇನ್ನೂ ಹಾಕಿಲ್ಲಲ್ಲ?” ಹಾಕಿರಲಿಲ್ಲ. ಅದೊಂದು ವಿಷಯ ಆ ದುಃಖದಲ್ಲಿ ನನಗೇ ಗೊತ್ತಾಗಿರಲಿಲ್ಲ. ನನಗೆ ತಿಳಿಯದಂತೆಯೇ ಮುಂಜಾನೆ ನನ್ನದಾಗಿಬಿಟ್ಟಿತ್ತು.

ವರ್ಷ ಕಳೆಯುವ ಹೊತ್ತಿಗೆ ತಂಬಾಕು ಪೂರ್ತಿ ಹೋಯಿತು. ಯಾವ ದಿನ ಕೊನೆಯದನ್ನು ಹಾಕಿದೆನೆಂದು ನನಗೆ ನೆನಪಿಲ್ಲ. ಅಷ್ಟು ಸದ್ದಿಲ್ಲದೆ ಹೋಯಿತು. ಡಾಕ್ಟರಮ್ಮ ಪರೀಕ್ಷಿಸಿ, ಬಿಳುಪು ತಗ್ಗಿದೆ, ಬಾಯಿ ಮೊದಲಿಗಿಂತ ಅರ್ಧ ಬೆರಳಿನಷ್ಟು ಹೆಚ್ಚು ತೆರೆದಿದೆ ಎಂದರು. ಅರ್ಧ ಬೆರಳಿಗೆ ಇಷ್ಟು ಹಿಗ್ಗಬಹುದೆಂದು ನಾನು ಎಣಿಸಿರಲಿಲ್ಲ.

ಆದರೆ ಬಾಯಿ ನಿಜವಾಗಿ ತೆರೆದದ್ದು ಬೇರೆ ಕಡೆ. ಬಾಯಲ್ಲಿ ರಸ ತುಂಬಿಕೊಂಡಿದ್ದಷ್ಟು ಕಾಲ ಮನೆಯಲ್ಲಿ ನನ್ನ ಸಂಭಾಷಣೆಯೆಲ್ಲ ‘ಹೂಂ’ ಮತ್ತು ‘ಉಹೂಂ’ ಆಗಿತ್ತು. ಹೆಂಡತಿ ಶಕುಂತಲಾ ಹೇಳುವುದನ್ನೆಲ್ಲ ಹೇಳಿ ಎದ್ದು ಹೋಗುತ್ತಿದ್ದಳು. ಅವಳಿಗೆ ಅದೇ ರೂಢಿಯಾಗಿತ್ತು. ಈಗ ಬಾಯಿ ಖಾಲಿಯಾಗಿ, ಆ ಜಾಗದಲ್ಲಿ ಮಾತು ಬಂದು ಕೂಡತೊಡಗಿತು. ಸಂಜೆಯ ಚಹಾಕ್ಕೆ ಕೂತು ಕಚೇರಿಯ ಸುದ್ದಿ, ಬಸ್ಸಿನ ಸುದ್ದಿ, ಅವಳು ಹೊಸ ಮದುವಣಗಿತ್ತಿಯಾಗಿ ಬಂದ ದಿನ ಗಡಿಯ ಕೊಗನೊಳ್ಳಿಯಲ್ಲಿ ಟೆಂಪೊ ಕೆಟ್ಟು ನಿಂತದ್ದು, ಅವಳ ತವರಿನ ಕಡೆಯ ಮರಾಠಿ ನನಗೆ ಪೂರ್ತಿ ಅರ್ಥವಾಗುತ್ತದೆಂದು ನಟಿಸಿದ್ದು, ಎಲ್ಲವನ್ನೂ ಒಂದರ ಮೇಲೊಂದು ಹೇಳತೊಡಗಿದೆ. ಅವಳು ಮೊದಲು ಅಚ್ಚರಿಪಟ್ಟಳು, ಆಮೇಲೆ ನಕ್ಕಳು. ಒಂದು ಸಂಜೆ ಬಟ್ಟಲು ಕೆಳಗಿಟ್ಟು ನನ್ನ ಮೊಣಕೈ ಹಿಡಿದಳು.

“ಇಪ್ಪತ್ತು ವರ್ಷದ ಮಾತು ಇವತ್ತ ಮುಗಸಬ್ಯಾಡ್ರಿ,” ಎಂದಳು. “ದಿನಾ ಸ್ವಲ್ಪ ಸ್ವಲ್ಪ ಆಡ್ರಿ. ನಾ ಎಲ್ಲಿ ಹೊಂಟೀನಿ?”